ನಕಲು ನೋಡಿಯೇ ಕಲಿತ ಕಲೆಯ ಇತಿಹಾಸ

ಮೊದಲ ಟೆಸ್ಟಿನಲ್ಲಿ ಜಪಾನಿನ ಕಲಾವಿದ ಹೊಕುಸಾಯಿಯ ದೊಡ್ಡ ಅಲೆಯ ಚಿತ್ರದ ಬಗ್ಗೆ ಬರೆಯಬೇಕಿತ್ತು. ನಾನು ಜೋರಾಗಿ ಶುರು ಮಾಡಿದೆ: "ಗೋಡೆ ತುಂಬ ಹರಡಿರುವ ಈ ಬೃಹತ್ ವರ್ಣಚಿತ್ರ..." ಪೇಪರ್ ವಾಪಸ್ ಬಂದಾಗ ಆ ಸಾಲಿನ ಪಕ್ಕ ಕೆಂಪು ಶಾಯಿಯಲ್ಲಿ ಎರಡೇ ಸಂಖ್ಯೆ ಇದ್ದವು. 25, 37. ಅಷ್ಟು ಸೆಂಟಿಮೀಟರ್! ಅದು ಕುಂಚದ ಚಿತ್ರವೂ ಅಲ್ಲ. 1831ರ ಸುಮಾರಿಗೆ ಮರದ ಅಚ್ಚಿನಿಂದ ಕಾಗದದ ಮೇಲೆ ಒತ್ತಿದ ಮುದ್ರಣ. ಪರದೆಯ ಮೇಲೆ ಆಳೆತ್ತರ ನೋಡಿದ್ದೆ, ಅಷ್ಟೇ ದೊಡ್ಡದು ಅಂದುಕೊಂಡಿದ್ದೆ.

ನಮ್ಮದು ಸಣ್ಣ ಕಾಲೇಜು. ಇತಿಹಾಸ ಮತ್ತು ಕಲಾ ಇತಿಹಾಸ ಎರಡನ್ನೂ ತೆಗೆದುಕೊಂಡವರು ಏಳು ಜನ. ಇತಿಹಾಸಕ್ಕೆ ಒಬ್ಬರು ಸರ್, ಕಲಾ ಇತಿಹಾಸಕ್ಕೆ ಒಬ್ಬರು ಮೇಡಂ. ಇಬ್ಬರಿಗೂ ಸೇರಿ ಒಂದೇ ಕೋಣೆ. ಹತ್ತಿರದಲ್ಲಿ ಮ್ಯೂಸಿಯಂ ಇರಲಿಲ್ಲ. ಪಾಠದಲ್ಲಿ ಬಂದ ಒಂದು ಕೃತಿಯನ್ನೂ ನಾವು ಮೂರು ವರ್ಷದಲ್ಲಿ ಕಣ್ಣಾರೆ ನೋಡಲಿಲ್ಲ. ಎಲ್ಲವೂ ಸ್ಲೈಡು, ಫೋಟೋ, ಪುಸ್ತಕದ ಪುಟ. ಹಾಗಾಗಿ ನಾನು ಓದಿದ್ದು ಕಲೆಯ ಇತಿಹಾಸ ಅನ್ನುವುದಕ್ಕಿಂತ ನಕಲುಗಳ ಇತಿಹಾಸ ಅನ್ನುವುದೇ ಸರಿ. ಮೊದಲು ಇದು ದೊಡ್ಡ ಕೊರತೆ ಅನ್ನಿಸಿತ್ತು.

ಟೆಸ್ಟಿನ ಅವಮಾನ ಆದ ಮೇಲೆ ಅಳತೆಯ ಟೇಪು ಮತ್ತು ಸೀಮೆಸುಣ್ಣ ಹಿಡಿದೆ. ಹೊಸ ಕೃತಿ ಬಂದಾಗಲೆಲ್ಲ ಅದರ ಅಳತೆಯ ಚೌಕ ನೆಲದ ಮೇಲೆ ಬರೆಯುವುದು. ಮೋನಾಲಿಸಾ 77 × 53 ಸೆಂಟಿಮೀಟರ್, ಕುರ್ಚಿ ಇಟ್ಟರೆ ಮುಚ್ಚಿಹೋಗುತ್ತದೆ. ಪಿಕಾಸೊ 1937ರಲ್ಲಿ ಬರೆದ ಗೆರ್ನಿಕಾಗೆ ತರಗತಿಯೇ ಸಾಲಲಿಲ್ಲ. 3.49 ಮೀಟರ್ ಎತ್ತರ, 7.77 ಮೀಟರ್ ಅಗಲ. ಬಾಗಿಲು ತೆರೆದು ಗೆರೆಯನ್ನು ಕಾರಿಡಾರಿಗೆ ಎಳೆದೆವು. ಆ ಚೌಕದೊಳಗೆ ನಿಂತಾಗಲೇ ಗೊತ್ತಾಗಿದ್ದು, ಬಾಂಬು ಬಿದ್ದ ಊರಿನ ಚಿತ್ರವನ್ನು ಅಷ್ಟು ದೊಡ್ಡದಾಗಿ ಬರೆದರೆ ನೋಡುವವನು ಅದರ ಹೊರಗೆ ಉಳಿಯುವುದು ಕಷ್ಟ ಅಂತ.

ಮೊಹೆಂಜೊದಾರೋದ "ನರ್ತಕಿ"ಗೆ ಚೌಕವೇ ಬೇಕಾಗಲಿಲ್ಲ. ಹತ್ತೂವರೆ ಸೆಂಟಿಮೀಟರಿನ ಕಂಚಿನ ಹುಡುಗಿ, ಅಂಗೈ ಮೇಲೆ ನಿಲ್ಲುತ್ತಾಳೆ. ಅವತ್ತು ಸರ್ ಬಾಗಿಲಲ್ಲಿ ಇಣುಕಿದರು. "ನರ್ತಕಿ ಅಂತ ನಿಮಗೆ ಯಾರು ಹೇಳಿದ್ದು?" ಅಂದರು. ಪುಸ್ತಕದಲ್ಲಿದೆ ಸರ್ ಅಂದೆವು. "ಪುಸ್ತಕಕ್ಕೆ ಯಾರು ಹೇಳಿದ್ದು?" 1926ರಲ್ಲಿ ಅವಳು ಮಣ್ಣಿನಿಂದ ಎದ್ದಳು. ಆ ಜನರ ಲಿಪಿಯನ್ನು ಇವತ್ತಿಗೂ ಓದಲಾಗಿಲ್ಲ. ಸೊಂಟದ ಮೇಲೆ ಕೈಯಿಟ್ಟ ಭಂಗಿ ನೋಡಿ ಅಗೆದವರ ಕಾಲದವರು ಇಟ್ಟ ಹೆಸರು ಅದು, ಅಷ್ಟೇ. ಪಕ್ಕದ ಮೇಜಿನ ಮೇಡಂ "ಅದಿರಲಿ, ಬಳೆಗಳು ಯಾವ ಕೈಯಲ್ಲಿ ಜಾಸ್ತಿ ಇವೆ, ಮೊದಲು ಅದು ನೋಡಿ" ಅಂದರು. ಎಡಗೈ ತುಂಬ ಇವೆ. ನಾವ್ಯಾರೂ ಗಮನಿಸಿರಲಿಲ್ಲ.

ನನ್ನ ಓದೆಲ್ಲ ಈ ಎರಡು ಪ್ರಶ್ನೆಗಳ ನಡುವೆ ನಡೆಯಿತು. ಹೇಳಿದ್ದು ಯಾರು ಅನ್ನುವುದು ಸರ್ ಪ್ರಶ್ನೆ, ಕಣ್ಣಿಗೆ ಏನು ಕಾಣುತ್ತಿದೆ ಅನ್ನುವುದು ಮೇಡಂ ಪ್ರಶ್ನೆ. ದೊಡ್ಡ ವಿಶ್ವವಿದ್ಯಾಲಯದಲ್ಲಿ ಈ ಎರಡು ವಿಭಾಗಗಳು ಬೇರೆ ಬೇರೆ ಕಟ್ಟಡದಲ್ಲಿರುತ್ತವೆ. ನಮ್ಮಲ್ಲಿ ನಡುವೆ ಇದ್ದದ್ದು ಒಂದು ಬೀರು.

ಮೇಡಂ ಕೊಡುತ್ತಿದ್ದ ಒಂದು ಕೆಲಸ ನನಗೆ ಮೊದಲು ಸುಮ್ನೆ ಹಿಂಸೆ ಅನ್ನಿಸುತ್ತಿತ್ತು. ಒಂದು ಚಿತ್ರ, ನಲವತ್ತು ನಿಮಿಷ. ಏನೂ ಓದುವಂತಿಲ್ಲ. ಕಂಡದ್ದನ್ನು ಮಾತ್ರ ಬರೆಯಬೇಕು. ಯಾನ್ ವಾನ್ ಐಕ್‌ನ 1434ರ ಆರ್ನೊಲ್ಫಿನಿ ದಂಪತಿ ಚಿತ್ರ ಕೊಟ್ಟಾಗ ಏಳೂ ಜನ "ಹೆಂಡತಿ ಬಸುರಿ" ಎಂದು ಬರೆದೆವು. "ಅವಳ ಎಡಗೈ ಏನು ಮಾಡ್ತಿದೆ?" ಅಂತ ಕೇಳಿದರು. ನೋಡಿದರೆ, ಉದ್ದನೆಯ ನಿಲುವಂಗಿಯನ್ನು ಎತ್ತಿ ಹೊಟ್ಟೆಯ ಮುಂದೆ ಹಿಡಿದುಕೊಂಡಿದ್ದಾಳೆ. ಆ ಕಾಲದ ಉಡುಪಿನ ರೀತಿಯೇ ಹಾಗೆ. ನಲವತ್ತು ನಿಮಿಷದಲ್ಲಿ ಮೊದಲ ಮೂವತ್ತು ನಾವು ಮೊದಲೇ ಅಂದುಕೊಂಡದ್ದನ್ನು ಬರೆಯುವುದಕ್ಕೇ ಹೋಗುತ್ತದೆ. ನೋಡುವುದು ಶುರುವಾಗುವುದು ಆಮೇಲೆ.

ನಕಲಿನ ಬಗ್ಗೆ ನನ್ನ ಕೀಳರಿಮೆ ಹೋದದ್ದು ರೆಂಬ್ರಾಂಟ್‌ನಿಂದ. ಅವನ 1642ರ "ನೈಟ್ ವಾಚ್" ಚಿತ್ರವನ್ನು 1715ರಲ್ಲಿ ಆಮ್‌ಸ್ಟರ್‌ಡಾಮಿನ ಪುರಭವನಕ್ಕೆ ಸಾಗಿಸಿದಾಗ ಅಲ್ಲಿನ ಗೋಡೆಗೆ ಹಿಡಿಯಲಿಲ್ಲ. ನಾಲ್ಕೂ ಕಡೆ ಕತ್ತರಿಸಿದರು. ಎಡಗಡೆ ಜಾಸ್ತಿ ಹೋಯಿತು, ಅಲ್ಲಿ ನಿಂತಿದ್ದವರೂ ಅದರ ಜೊತೆ ಹೋದರು. ಆ ತುಂಡುಗಳು ಸಿಕ್ಕಿಲ್ಲ. ಆದರೂ ಅಲ್ಲಿ ಏನಿತ್ತು ಅಂತ ಗೊತ್ತು, ಯಾಕೆಂದರೆ ಕತ್ತರಿಸುವ ಮೊದಲೇ ಖೆರಿಟ್ ಲುಂಡನ್ಸ್ ಅನ್ನುವವನು ಅದರ ಸಣ್ಣ ನಕಲು ಬರೆದಿದ್ದ. ಅಸಲಿನಲ್ಲಿ ಇಲ್ಲದ್ದು ನಕಲಿನಲ್ಲಿ ಉಳಿದಿತ್ತು!

ಕೊನೆಯ ವರ್ಷದ ಪ್ರಬಂಧಕ್ಕೆ ಬಾಯೋ ಟ್ಯಾಪೆಸ್ಟ್ರಿ ಆರಿಸಿಕೊಂಡದ್ದು ಇದೇ ಧೈರ್ಯದ ಮೇಲೆ. ಇನ್ನೊಂದು ಕಾರಣವನ್ನೂ ಹೇಳಿಬಿಡುತ್ತೇನೆ: ಅದರ ಪೂರ್ತಿ ಫೋಟೋಗಳಿರುವ ಪುಸ್ತಕ ನಮ್ಮ ಲೈಬ್ರರಿಯಲ್ಲಿತ್ತು. ಸಣ್ಣ ಕಾಲೇಜಿನಲ್ಲಿ ಓದುವವರು ವಿಷಯವನ್ನು ಮೊದಲು ಆರಿಸಿ ಆಮೇಲೆ ಪುಸ್ತಕ ಹುಡುಕಬಾರದು. ಕಪಾಟು ನೋಡಿಕೊಂಡು ವಿಷಯ ಆರಿಸಬೇಕು. ನನ್ನ ಗೆಳೆಯನೊಬ್ಬ ಉಲ್ಟಾ ಮಾಡಿದ. ಬೇರೆ ಲೈಬ್ರರಿಯಿಂದ ಪುಸ್ತಕ ಬರುವುದನ್ನು ಕಾಯುತ್ತಾ ಅರ್ಧ ವರ್ಷ ಕಳೆದ.

ಟ್ಯಾಪೆಸ್ಟ್ರಿ ಅಂತ ಹೆಸರು, ಆದರೆ ಅದು ನೇಯ್ದದ್ದಲ್ಲ. ಲಿನನ್ ಬಟ್ಟೆಯ ಮೇಲೆ ಉಣ್ಣೆ ದಾರದ ಕಸೂತಿ. ಸುಮಾರು 70 ಮೀಟರ್ ಉದ್ದ, ಅರ್ಧ ಮೀಟರ್ ಎತ್ತರ. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಕಥೆ. ಅದರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ರಾಜನ ಶವಯಾತ್ರೆ ಮೊದಲು ಬರುತ್ತದೆ, ಸಾವು ಆಮೇಲೆ! ಫೋಟೋಗಳ ಕ್ರಮ ತಪ್ಪಿದೆ ಅಂದುಕೊಂಡು ಪುಟ ತಿರುವಿದ್ದೇ ತಿರುವಿದ್ದು. ಕಸೂತಿಯಲ್ಲೇ ಹಾಗಿದೆ.

ನನ್ನ ಪ್ರಶ್ನೆ, ಆ ಯುದ್ಧದಲ್ಲಿ ವಿಲಿಯಂ ಎದುರು ಸೋತ ಇಂಗ್ಲೆಂಡಿನ ರಾಜ ಹ್ಯಾರಾಲ್ಡ್ ಹೇಗೆ ಸತ್ತ ಅನ್ನುವುದು. "ರಾಜ ಹ್ಯಾರಾಲ್ಡ್ ಇಲ್ಲಿ ಕೊಲ್ಲಲ್ಪಟ್ಟ" ಎಂದು ಲ್ಯಾಟಿನಿನಲ್ಲಿ ಬರೆದಿದೆ. ಕೆಳಗೆ ಇಬ್ಬರಿದ್ದಾರೆ. ಹ್ಯಾರಾಲ್ಡ್ ಅನ್ನುವ ಹೆಸರು ಕಣ್ಣಿಗೆ ಬಾಣ ತಗುಲಿದವನ ತಲೆಯ ಹತ್ತಿರ. ಕೊಲ್ಲಲ್ಪಟ್ಟ ಅನ್ನುವ ಮಾತು ಕುದುರೆ ಸವಾರನ ಏಟಿಗೆ ಬೀಳುತ್ತಿರುವವನ ಮೇಲೆ. ಸರ್ ಹೇಳಿದಂತೆ ಬರಹದ ಕಡೆ ಹೋದೆ. ವಿಲಿಯಂನ ಪಾದ್ರಿಯಾಗಿದ್ದ ಪ್ವಾಟಿಯೆಯ ವಿಲಿಯಂ ಯುದ್ಧವನ್ನೆಲ್ಲ ಬರೆದು ಬಾಣದ ಮಾತೇ ಎತ್ತುವುದಿಲ್ಲ. ಮತ್ತೆ ಚಿತ್ರದ ಕಡೆ ಬಂದೆ. 1729ರಲ್ಲಿ ಆ ಕಸೂತಿಯನ್ನು ನೋಡಿ ಬರೆದ ಚಿತ್ರದಲ್ಲಿ ಆ ಜಾಗದಲ್ಲಿ ಬರೀ ಒಂದು ಗೆರೆ ಇದೆ, ಬಾಣದ ಗರಿ ಇಲ್ಲ. 19ನೇ ಶತಮಾನದಲ್ಲಿ ಕಸೂತಿಯ ದುರಸ್ತಿ ಆಯಿತು. ಗರಿ ಅಲ್ಲಿಂದ ಬಂದಿರಬಹುದು.

ಈ ಹಂತದಲ್ಲಿ ನನಗೆ ನಕಲಿನ ಮೇಲೆ ಅತಿಯಾದ ನಂಬಿಕೆ ಬಂದಿತ್ತು. ಅದನ್ನು ಇಳಿಸಿದ್ದು ಇಂಗ್ಲೆಂಡಿನ ಲೀಕ್ ಊರಿನ ಹೆಂಗಸರು. 1885ರಲ್ಲಿ ಅವರು ಶುರುಮಾಡಿದ, ಟ್ಯಾಪೆಸ್ಟ್ರಿಯ ಪೂರ್ತಿ ಅಳತೆಯ ನಕಲು ಈಗ ಅಲ್ಲಿನ ರೆಡಿಂಗ್ ಮ್ಯೂಸಿಯಂನಲ್ಲಿದೆ. ಅಸಲಿನ ಅಂಚಿನಲ್ಲಿ ಬೆತ್ತಲೆ ಮನುಷ್ಯರಿದ್ದಾರೆ. ಈ ನಕಲಿನಲ್ಲಿ ಅವರ ಮಾನ ಮುಚ್ಚಲಾಗಿದೆ. ತಪ್ಪು ಹೆಂಗಸರದ್ದಲ್ಲ, ಅವರಿಗೆ ಮಾದರಿಯಾಗಿ ಸಿಕ್ಕ ಫೋಟೋಗಳಲ್ಲೇ ಆಗಲೇ ಮುಚ್ಚಿದ್ದರು. ಅಂದರೆ ನಕಲಿನ ನಕಲು. 1729ರವನು ಗರಿ ಬರೆಯಲು ಮರೆತಿರಲೂಬಹುದು, ಅಲ್ವಾ? ಪ್ರಬಂಧದ ಆ ಅಧ್ಯಾಯವನ್ನು ಪೂರ್ತಿ ತಿರುಗಿ ಬರೆದೆ. ಇಬ್ಬರೂ ಹ್ಯಾರಾಲ್ಡನೇ, ಒಂದೇ ಸಾವಿನ ಎರಡು ಕ್ಷಣ ಎಂದು ವಾದಿಸಿದೆ. ಈ ವಾದ ನನಗಿಂತ ಮುಂಚೆಯೇ ಇತ್ತು. ಬೇರೆ ದಾರಿ ಹಿಡಿದು ನಾನೂ ಅಲ್ಲಿಗೇ ಬಂದಿದ್ದೆ.

ಮೌಖಿಕ ಪರೀಕ್ಷೆಯಲ್ಲಿ ಸರ್ ಒಪ್ಪಲಿಲ್ಲ. ಬೀಳುತ್ತಿರುವವನೊಬ್ಬನೇ ಹ್ಯಾರಾಲ್ಡ್ ಅಂದರು, ಅರ್ಧ ಗಂಟೆ ಬಿಡಲಿಲ್ಲ. ಮೇಡಂ ಅಷ್ಟೂ ಹೊತ್ತು ಸುಮ್ಮನೆ ಪ್ರಬಂಧದ ಮೊದಲ ಪುಟ ತೆರೆದು ಬೆರಳಿಟ್ಟುಕೊಂಡು ಏನೋ ಹುಡುಕುತ್ತಿದ್ದರು. ಸಿಕ್ಕಿತು ಅಂತ ಕಾಣುತ್ತದೆ, ತಲೆಯಾಡಿಸಿದರು. ಅಳತೆ ಬರೆದಿದ್ದೆ.