ಹಳೆ ಮಿಲಿಟರಿ ಡೇರೆಗೆ ಮೊದಲು ನೀರು ಕುಡಿಸಿ

ಕಳೆದ ತಿಂಗಳು ಮೊಮ್ಮಗ ನಮ್ಮ ಗ್ಯಾರೇಜಿನ ಮೂಲೆಯಿಂದ ಒಂದು ಹಸಿರು ಗಂಟು ಎಳೆದುಕೊಂಡು ಬಂದ. "ಅಜ್ಜಿ, ಇದು ಹಾಸೋದಾ, ಹೊದಿಯೋದಾ?" ಅಂತ ಕೇಳಿದ. ಎರಡೂ ಅಲ್ಲ ಕಣೋ, ನಿಮ್ಮಪ್ಪ ನಿನ್ನಷ್ಟಿದ್ದಾಗ ಇದರೊಳಗೆ ಮಲಗುತ್ತಿದ್ದ ಅಂದೆ. ಈ ಬೇಸಿಗೆಗೆ ಅವನಿಗೆ ಅದೇ ಬೇಕಂತೆ. ಗಂಟನ್ನು ಕಾರಿಗೆ ತುಂಬಿಕೊಂಡು ಹೋದರು. ಕಟ್ಟುವುದು ಮಾತ್ರ ಮಗನಿಗೂ ಗೊತ್ತಿಲ್ಲ, ಸೊಸೆಗೂ ಗೊತ್ತಿಲ್ಲ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಬರೆಯಲು ಕುಳಿತೆ. ಇಂಥದ್ದೇ ಡೇರೆ ಇರುವ ಬೇರೆಯವರಿಗೂ ಉಪಯೋಗಕ್ಕೆ ಬರಲಿ.

ಇದು ಅಮೆರಿಕದ ಸೈನ್ಯದ ಹಳೆಯ ಡೇರೆ. ಪಪ್ ಟೆಂಟ್ ಅನ್ನುತ್ತಾರೆ, ಅಂದರೆ ನಾಯಿಮರಿಯ ಡೇರೆ. 1861ರಿಂದ 1865ರವರೆಗೆ ನಡೆದ ಇಲ್ಲಿನ ಅಂತರ್ಯುದ್ಧದ ಸೈನಿಕರು, ಇದರಲ್ಲಿ ನಾಯಿ ಮಾತ್ರ ಮಲಗಬಹುದು ಅಂತ ಗೇಲಿ ಮಾಡುತ್ತಿದ್ದರಂತೆ. ಡೇರೆ ಪೂರ್ತಿಯಾಗಿ ಒಬ್ಬನ ಬಳಿ ಇರುತ್ತಿರಲಿಲ್ಲ. ಒಬ್ಬೊಬ್ಬನ ಬೆನ್ನ ಮೇಲೆ ಅರ್ಧರ್ಧ. ಒಂದು ಕ್ಯಾನ್ವಾಸ್ ಹಾಳೆ, ಮೂರು ತುಂಡಿನ ಒಂದು ಮರದ ಕೋಲು, ಒಂದು ಹಗ್ಗ, ಐದು ಗೂಟ. ರಾತ್ರಿ ಇಬ್ಬರೂ ತಮ್ಮ ತಮ್ಮ ಪಾಲು ಜೋಡಿಸಿದರೆ ಮಲಗಲು ಒಂದು ಸೂರು.

ಮೋಸ ಹೋಗುವುದು ಈ ಅರ್ಧರ್ಧದಲ್ಲೇ. ಎಂಬತ್ತರ ದಶಕದಲ್ಲಿ ನಮ್ಮನೆಯವರು ಇಲ್ಲಿ ಓದುತ್ತಿದ್ದರು, ಕೈಯಲ್ಲಿ ಕಾಸಿರಲಿಲ್ಲ. ಒಂದು ರಾತ್ರಿಯ ಮೋಟೆಲ್ ದುಡ್ಡಿಗೆ ನಮಗೆ ವಾರದ ದಿನಸಿ ಬರುತ್ತಿತ್ತು. ಸೈನ್ಯದ ಹಳೆ ಸಾಮಾನು ಮಾರುವ ಅಂಗಡಿಯಲ್ಲಿ ಎರಡು ಹಾಳೆ ತಂದರು. ಬಣ್ಣ ಒಂದೇ, ಅಳತೆಯೂ ಹೆಚ್ಚುಕಡಿಮೆ ಒಂದೇ. ವರ್ಜೀನಿಯಾದ ಶೆನಂಡೋವಾ ಬೆಟ್ಟದ ಮೇಲೆ ಹೋಗಿ ಬಿಚ್ಚಿದರೆ ಒಂದಕ್ಕೆ ಗುಂಡಿ, ಇನ್ನೊಂದಕ್ಕೆ ಟಿಚ್ ಬಟನ್! ಎರಡನೇ ಮಹಾಯುದ್ಧದ ಕಾಲದವಕ್ಕೆ ಗುಂಡಿ, ಕಾಜ. ಆಮೇಲೆ ಬಂದವಕ್ಕೆ ಟಿಚ್ ಬಟನ್. ಒಂದಕ್ಕೊಂದು ಸೇರುವುದೇ ಇಲ್ಲ. ಆ ರಾತ್ರಿ ನನ್ನ ಸೀರೆ ಪಿನ್ನುಗಳೆಲ್ಲ ಡೇರೆಗೆ ಹೋದವು. ಹಾಗಾಗಿ ಕೊಳ್ಳುವಾಗ ಅಂಗಡಿಯಲ್ಲೇ ಜೋಡಿಸಿ ನೋಡಿ. ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡಿ. ಬೂಷ್ಟು ತಿಂದ ಕ್ಯಾನ್ವಾಸ್ ನೋಡಲು ಗಟ್ಟಿಯಾಗಿಯೇ ಇರುತ್ತದೆ, ಜಗ್ಗಿದರೆ ಪರ್ರನೆ ಹರಿಯುತ್ತದೆ. ಇನ್ನು ವಾಸನೆ. ಬಟ್ಟೆ ಕೊಳೆಯದಿರಲಿ ಅಂತ ಆ ಕಾಲದಲ್ಲಿ ಏನೇನೋ ರಾಸಾಯನಿಕ ಹಚ್ಚುತ್ತಿದ್ದರು. ನಾಲ್ಕೈದು ದಿನ ಗಾಳಿಗೆ ಹರವಿದರೂ ಘಾಟು ಹೋಗದಿದ್ದರೆ ಮಕ್ಕಳನ್ನು ಅದರಲ್ಲಿ ಮಲಗಿಸಬೇಡಿ.

ಈಗ ಮುಖ್ಯ ಕೆಲಸ. ಹೊಸ ಮಣ್ಣಿನ ಮಡಕೆ ತಂದರೆ ನೀರಲ್ಲಿ ನೆನೆಸಿ ಪಳಗಿಸುತ್ತೇವೆ, ಅಲ್ವಾ? ಈ ಡೇರೆಗೂ ಹಾಗೇ. ವರ್ಷಗಟ್ಟಲೆ ಒಣಗಿ ಬಿದ್ದಿದ್ದ ಹತ್ತಿಯ ಕ್ಯಾನ್ವಾಸನ್ನು ನೇರವಾಗಿ ಮಳೆಗೆ ಒಡ್ಡಿದರೆ ಹೊಲಿಗೆಯ ತೂತುಗಳಿಂದ ತೊಟ್ಟಿಕ್ಕುತ್ತದೆ. ಮೊದಲೇ ಹಿತ್ತಲಲ್ಲಿ ಕಟ್ಟಿ, ಪೈಪು ಹಿಡಿದು ಚೆನ್ನಾಗಿ ತೋಯಿಸಿ. ಕಟ್ಟಿದ ಹಾಗೇ ಒಣಗಲು ಬಿಡಿ. ಮತ್ತೆ ತೋಯಿಸಿ, ಮತ್ತೆ ಒಣಗಿಸಿ. ನೀರು ಕುಡಿದ ಎಳೆಗಳು ಉಬ್ಬುತ್ತವೆ, ಸಂದುಗಳೂ ಸೂಜಿಯ ತೂತುಗಳೂ ಮುಚ್ಚಿಕೊಳ್ಳುತ್ತವೆ. ಮೂರನೇ ಸಲ ತೋಯಿಸುವಾಗ ಒಬ್ಬರು ಒಳಗೆ ಕೂತು ನೋಡಿ. ಇನ್ನೂ ಹನಿಯುವ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಒಣಗಿದ ಮೇಲೆ ಅಲ್ಲಿ ಹೊಲಿಗೆಗೆ ಜೇನುಮೇಣ ತಿಕ್ಕಿದರೆ ಸಾಕು. ಕೊಳೆಯಾಗಿದೆ ಅಂತ ಸೋಪಿನ ಪುಡಿ ಹಾಕಿ ಒಗೆಯಬೇಡಿ. ನನ್ನ ಗೆಳತಿಯೊಬ್ಬಳು ವಾಷಿಂಗ್ ಮೆಷಿನ್ನಿಗೇ ಹಾಕಿದಳು. ಡೇರೆ ಮಲ್ಲಿಗೆಯ ಹಾಗೆ ಘಮಘಮ, ಮಳೆ ಬಂದಾಗ ಜಾಲರಿ. ನೀರು ತಡೆಯುವ ಲೇಪವನ್ನು ಸೋಪು ಕಿತ್ತುಬಿಡುತ್ತದೆ. ಒಣ ಬ್ರಷ್ಷು, ಬರೀ ನೀರು, ಬಿಸಿಲು, ಇಷ್ಟೇ.

ಹಿತ್ತಲಲ್ಲಿ ಕಟ್ಟುವುದರಿಂದ ಇನ್ನೊಂದು ಲಾಭ, ಕೈ ಪಳಗುತ್ತದೆ. ಹಾಳೆಗಳನ್ನು ನೆಲದ ಮೇಲೆ ಹರವಿ ಮೊದಲು ಗುಂಡಿ ಹಾಕಿ. ಬಾಗಿಲ ಅಂಚುಗಳನ್ನೂ ಮುಚ್ಚಿ. ಬಾಗಿಲು ತೆರೆದಿಟ್ಟು ಮೂಲೆಗೆ ಗೂಟ ಹೊಡೆದರೆ ಬುಡ ಅಗಲವಾಗಿಬಿಡುತ್ತದೆ, ಆಮೇಲೆ ಬಾಗಿಲು ಕೂಡುವುದಿಲ್ಲ. ನಾವು ಎಷ್ಟು ಸಲ ಕಿತ್ತು ಹೊಡೆದಿದ್ದೇವೋ! ನಾಲ್ಕು ಮೂಲೆ ಚೌಕವಾಗಿ ನಿಂತ ಮೇಲೆ ಒಬ್ಬರು ಒಳಗೆ ತೂರಿ ಕೋಲಿನ ಮೊಳೆಯನ್ನು ನೆತ್ತಿಯ ತೂತಿಗೆ ಸಿಕ್ಕಿಸಿ ಎತ್ತಿ ಹಿಡಿಯಲಿ, ಇನ್ನೊಬ್ಬರು ಮುಂದಿನ ಹಗ್ಗ ಎಳೆದು ಕಟ್ಟಲಿ. ಆಮೇಲೆ ಹಿಂದಿನದು. ಒಬ್ಬರೇ ಮಾಡುವ ಸಾಹಸ ಬೇಡ. ನೆಲ ಮೆತ್ತಗಿದ್ದರೆ ಕೋಲಿನ ಬುಡಕ್ಕೆ ಚಪ್ಪಟೆ ಕಲ್ಲು ಕೊಡಿ. ಗೂಟ ಹೊಡೆಯುವುದು ದನ ಕಟ್ಟಿ ಗೊತ್ತಿದ್ದವರಿಗೆ ಹೇಳಬೇಕಿಲ್ಲ. ತಲೆ ಡೇರೆಯಿಂದ ಆಚೆಗೆ ವಾಲಿರಬೇಕು, ಹಗ್ಗ ಗೂಟದಿಂದ ಜಾರಬಾರದು. ಮರದ ಗೂಟಕ್ಕೆ ಕಬ್ಬಿಣದ ಸುತ್ತಿಗೆ ಬೇಡ, ಸೀಳುತ್ತದೆ. ಮರದ ಕೊಡತಿಯೇ ಸರಿ.

ಜಾಗ ನೋಡುವಾಗ ಕೆಳಗಷ್ಟೇ ಅಲ್ಲ, ಮೇಲೂ ನೋಡಿ. ಒಣಗಿದ ಕೊಂಬೆಯ ಕೆಳಗೆ ಡೇರೆ ಬೇಡ. ತಗ್ಗೂ ಬೇಡ. ಸೈನಿಕರು ಸುತ್ತ ಕಾಲುವೆ ತೋಡುತ್ತಿದ್ದರು, ಈಗ ಕ್ಯಾಂಪಿನ ಜಾಗಗಳಲ್ಲಿ ನೆಲ ಅಗೆಯಲು ಬಿಡುವುದಿಲ್ಲ. ಅದಕ್ಕೇ ತುಸು ಎತ್ತರದ ನೆಲ ಹುಡುಕಿ, ಗಾಳಿ ಬೀಸುವ ಕಡೆಗೆ ಡೇರೆಯ ಬೆನ್ನು ಕೊಡಿ. ಈ ಡೇರೆಗೆ ತಳ ಇರುವುದಿಲ್ಲ. ಟಾರ್ಪಾಲು ಹಾಸಿ, ಆದರೆ ಅದರ ಅಂಚು ಹೊರಗೆ ಇಣುಕಬಾರದು. ಇಣುಕಿದರೆ ಮೇಲಿಂದ ಇಳಿದ ನೀರು ಅದರ ಮೇಲೇ ಹರಿದು ನಿಮ್ಮ ಹಾಸಿಗೆಗೆ ಬರುತ್ತದೆ. ಅಂಚನ್ನು ಒಳಗೆ ಮಡಚಿ.

ನಮ್ಮ ಡೇರೆಯ ಅಗಲ ಐದು ಅಡಿ. ನಡುವೆಯೂ ನೆಟ್ಟಗೆ ನಿಲ್ಲಲಾಗದು, ಕೂರಬಹುದು. ಇಬ್ಬರಿಗೆ ಸರಿ. ತೀರಾ ಅಂದರೆ ಒಬ್ಬ ದೊಡ್ಡವರು, ಇಬ್ಬರು ಪುಟ್ಟ ಮಕ್ಕಳು. ಸಂಸಾರಕ್ಕೆ ಎರಡು ಬೇಕು. ಎದುರುಬದುರು ಹಾಕಿದರೆ ನಡುವೆ ಹಗ್ಗಗಳು ಅಡ್ಡಬಂದು ಕತ್ತಲಲ್ಲಿ ಮುಗ್ಗರಿಸುತ್ತೀರಿ. ಪಕ್ಕಪಕ್ಕ ಹಾಕಿ, ಮಗು ಹೊರಳಿದರೂ ಕೇಳಿಸುತ್ತದೆ. ಹಗ್ಗಗಳಿಗೆ ಬಿಳಿ ಬಟ್ಟೆಯ ಚೂರು ಕಟ್ಟಿ. ಸೊಳ್ಳೆ ಪರದೆ ಇದರಲ್ಲಿಲ್ಲ. ನಾನು ಊರಿಂದ ತಂದಿದ್ದ ಒಂಟಿ ಮಂಚದ ಪರದೆಯನ್ನೇ ಎರಡು ಕೋಲಿನ ನಡುವೆ ಇಳಿಬಿಡುತ್ತಿದ್ದೆ.

ಮಳೆ ಬಂದಾಗ ಎರಡು ಮಾತು ನೆನಪಿರಲಿ. ಹತ್ತಿ ಹಗ್ಗ ನೆನೆದರೆ ಬಿಗಿಯುತ್ತದೆ, ಬಟ್ಟೆಯೂ ಬಿಗಿಯುತ್ತದೆ. ಮಲಗುವ ಮುಂಚೆ ಹಗ್ಗ ಒಂದು ಬೆರಳು ಸಡಿಲಿಸಿ. ಇಲ್ಲದಿದ್ದರೆ ನಡುರಾತ್ರಿ ಗೂಟ ಕಿತ್ತು ಬರುತ್ತದೆ, ಇಲ್ಲವೇ ಹಳೆ ಬಟ್ಟೆ ಹರಿಯುತ್ತದೆ. ಎರಡನೆಯದು, ನೆನೆದ ಡೇರೆಯನ್ನು ಒಳಗಿನಿಂದ ಮುಟ್ಟಬಾರದು. ಮುಟ್ಟಿದ ಜಾಗದಲ್ಲಿ ನೀರು ಒಳಗೆ ಇಳಿಯಲು ದಾರಿ ಮಾಡಿಕೊಳ್ಳುತ್ತದೆ. ಶೆನಂಡೋವಾದ ಬಿಗ್ ಮೆಡೋಸ್ ಅನ್ನೋ ಕ್ಯಾಂಪಿನ ಜಾಗದಲ್ಲಿ, ಮೂರೂವರೆ ಸಾವಿರ ಅಡಿ ಎತ್ತರದಲ್ಲಿ, ಗುಡುಗು ಮಳೆಯ ನಡುವೆ ಮಗ ಬೆರಳಿಟ್ಟು ಚಿತ್ರ ಬರೆದ. ಸರಿಯಾಗಿ ಅವರಪ್ಪನ ಕಿವಿಗೆ ತೊಟತೊಟ. ಅಕಸ್ಮಾತ್ ಮುಟ್ಟಿದರೆ ಅದೇ ಜಾಗದಿಂದ ಬೆರಳನ್ನು ನೆಲದವರೆಗೆ ಎಳೆಯಿರಿ. ನೀರು ಆ ಗೆರೆ ಹಿಡಿದು ಕೆಳಗಿಳಿಯುತ್ತದೆ.

ಡೇರೆಯೊಳಗೆ ಬೆಂಕಿ ಬೇಡವೇ ಬೇಡ. ಸ್ಟವ್, ಮೇಣದ ಬತ್ತಿ, ಸೊಳ್ಳೆ ಬತ್ತಿ ಯಾವುದೂ ಬೇಡ. ಹಳೆ ಕ್ಯಾನ್ವಾಸ್ ಹತ್ತಿಕೊಂಡರೆ ಹೊರಬರಲು ಸಮಯ ಸಿಗುವುದಿಲ್ಲ. ತಿಂಡಿಯೂ ಬೇಡ. ಶೆನಂಡೋವಾದಲ್ಲಿ ಕರಡಿಗಳಿವೆ, ಚಕ್ಕುಲಿ ಡಬ್ಬಿ ಸಹಿತ ಎಲ್ಲವನ್ನೂ ಕಾರಿನೊಳಗಿಟ್ಟು ಬೀಗ ಹಾಕಿ. ಬೆಳಿಗ್ಗೆ ಮಕ್ಕಳ ಕಿವಿಯ ಹಿಂದೆ, ಕಂಕುಳಲ್ಲಿ ಉಣ್ಣಿ ಇದೆಯಾ ನೋಡಿ. ಇಲ್ಲಿನ ಉಣ್ಣಿಯಿಂದ ಲೈಮ್ ಕಾಯಿಲೆ ಬರುತ್ತದೆ.

ಬಿಚ್ಚಿ ತಂದ ದಿನ ಎಷ್ಟೇ ಸುಸ್ತಾಗಿದ್ದರೂ ಹಾಳೆಗಳನ್ನು ಹರವಿ. ಹೊಲಿಗೆಯ ದಪ್ಪ ಜಾಗ ಮುಟ್ಟಿ ನೋಡಿ, ಅಲ್ಲೇ ತೇವ ಉಳಿಯುವುದು. ಪೂರ್ತಿ ಒಣಗಿದ ಮೇಲೆ ಹಳೆಯ ದಿಂಬಿನ ಚೀಲದಲ್ಲಿಡಿ, ಪ್ಲಾಸ್ಟಿಕ್ಕಿನಲ್ಲಿ ಬೇಡ. ಕ್ಯಾಂಪಿನಿಂದ ಹೊರಡುವ ಮುಂಚೆ ಗೂಟ ಎಣಿಸಿ: ಆರು ಎರಡು ಬದಿಯವು, ಎರಡು ಬಾಗಿಲುಗಳವು, ಎರಡು ಹಗ್ಗದವು, ಒಟ್ಟು ಹತ್ತು. ಒಂಬತ್ತೇ ಸಿಕ್ಕಿದರೆ ಹುಲ್ಲಿನಲ್ಲಿ ಬರಿಗಾಲಲ್ಲಿ ಹುಡುಕಬೇಡಿ. ನಮ್ಮನೆಯವರು ಹತ್ತನೆಯದನ್ನು ಹಾಗೇ ಕಂಡುಹಿಡಿದದ್ದು, ಮೂರು ವಾರ ಕುಂಟಿದರು.