ಪೆರ್ಲದ ಹಂಚಿನ ಮನೆಯಿಂದ ವಿದೇಶದ ಕೆಲಸ: ಎರಡು ಮಳೆಗಾಲಗಳ ಲೆಕ್ಕ

ಬೆಂಗಳೂರನ್ನು ಬಿಟ್ಟು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಬಳಿ ನೆಂಟರೊಬ್ಬರ ಹಂಚಿನ ಮನೆಗೆ ಬರುತ್ತೇನೆಂದಾಗ ದೊಡ್ಡಪ್ಪನವರು, "ಆಟಿಯ ಮಳೆಯಲ್ಲಿ ಇಲ್ಲಿ ಕರೆಂಟಿಗೇ ಗತಿಯಿಲ್ಲ, ನೀನು ಪರದೇಶದವರ ಕೆಲಸ ಮಾಡುವುದು ಹೇಗೆ ಮಾರಾಯ?" ಎಂದು ನಕ್ಕಿದ್ದರು. ಮೊದಲ ಮಳೆಗಾಲದಲ್ಲಿ ಅವರ ಮಾತೇ ನಿಜವಾಯಿತು. ಎರಡನೆಯದರಲ್ಲಿ ಒಂದು ಮೀಟಿಂಗೂ ತಪ್ಪಲಿಲ್ಲ.

ತೆರಿಗೆ ಉಳಿಸುವ ಆಸೆಯಿಂದ ಗಡಿ ದಾಟುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಆದಾಯ ತೆರಿಗೆ ತಲಪಾಡಿ ಗಡಿಯ ಎರಡೂ ಬದಿಗೆ ಒಂದೇ. ವೃತ್ತಿ ತೆರಿಗೆಗೆ ಸಂವಿಧಾನವೇ ವರ್ಷಕ್ಕೆ 2,500 ರೂಪಾಯಿಯ ಮಿತಿ ಹಾಕಿರುವುದರಿಂದ ಅಲ್ಲಿಯೂ ಹೇಳಿಕೊಳ್ಳುವಂತಹ ಲಾಭವಿಲ್ಲ. ಇಲ್ಲಿ ಅದನ್ನು ಅರ್ಧ ವರ್ಷಕ್ಕೊಮ್ಮೆ ಪಂಚಾಯತಿಗೆ ಕಟ್ಟಬೇಕು, ಅಷ್ಟೇ. ಉಳಿತಾಯವೆಲ್ಲ ಬಾಡಿಗೆಯದು: ಅಲ್ಲಿ ಇಪ್ಪತ್ತಾರು ಸಾವಿರ, ಇಲ್ಲಿ ಆರು.

ಮೊದಲ ವರ್ಷದ ಉಳಿತಾಯದಲ್ಲಿ ಒಂದು ಪಾಲನ್ನು ಜಿಎಸ್‌ಟಿ ತಿಂದಿತು. ವಿಳಾಸವನ್ನು ತಿದ್ದಿದರೆ ಸಾಕೆಂದು ನಾನು ನಂಬಿದ್ದೆ. ಆದರೆ ನೋಂದಣಿ ರಾಜ್ಯವಾರು ಇರುವುದರಿಂದ ಕೇರಳದಲ್ಲಿ ಹೊಸದನ್ನು ಪಡೆದು, ಕರ್ನಾಟಕದ್ದನ್ನು ರದ್ದುಪಡಿಸಬೇಕಾಯಿತು. ರದ್ದಾದ ಮೂರು ತಿಂಗಳೊಳಗೆ ಸಲ್ಲಿಸಬೇಕಾದ ಅಂತಿಮ ರಿಟರ್ನನ್ನು ಮರೆತೆ. ಹೊಸ ಸಂಖ್ಯೆಗೆ ಎಲ್‌ಯುಟಿ (ತೆರಿಗೆ ಕಟ್ಟದೆ ರಫ್ತು ಮಾಡಲು ಕೊಡುವ ಮುಚ್ಚಳಿಕೆ) ಸಲ್ಲಿಸುವ ಮೊದಲೇ ವಿದೇಶಕ್ಕೆ ಬಿಲ್ಲು ಕಳುಹಿಸಿ ಲೆಕ್ಕಿಗರಿಂದ ಬೈಸಿಕೊಂಡೆ. ದಂಡ, ಶುಲ್ಕ ಎಲ್ಲ ಸೇರಿ ಹದಿನೈದು ಸಾವಿರದ ಹತ್ತಿರ ಹೋಗಿರಬೇಕು.

ಇಂಟರ್ನೆಟ್ಟಿನ ಕಥೆ ಬೇರೆ. ಫೈಬರಿನಲ್ಲಿ ಸಿಡಿಲು ಹರಿದು ಬರುವುದಿಲ್ಲವೆಂಬ ಧೈರ್ಯದಲ್ಲಿದ್ದ ನನಗೆ ಅಡಾಪ್ಟರಿನ ನೆನಪೇ ಇರಲಿಲ್ಲ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಗುಡುಗಿಗೆ ವಿದ್ಯುತ್ತಿನ ದಾರಿಯಿಂದಲೇ ಎರಡು ಮೋಡೆಮ್‌ಗಳು ಸುಟ್ಟವು. ಅದಕ್ಕಿಂತ ಮುಂಚೆ ಆಟಿಯಲ್ಲೇ ಅಡಕೆ ಸೋಗೆಯೊಂದು ತೋಟದ ಮೇಲೆ ಹಾದುಹೋಗಿದ್ದ ಕೇಬಲಿನ ಮೇಲೆ ಬಿದ್ದು ನಾಲ್ಕು ದಿನ ಸಂಪರ್ಕವಿರಲಿಲ್ಲ. ಆ ನಾಲ್ಕು ದಿನವೂ ವಿಟ್ಲದಲ್ಲಿ ಪರಿಚಿತರ ಅಂಗಡಿಯ ಹಿಂಬದಿ ಕುಳಿತು ಕೆಲಸ ಮಾಡಿದೆ.

ಆಮೇಲೆ ಸಿಮ್ ಹಾಕುವ ರೌಟರೊಂದನ್ನು ಅಡಕೆ ಕೊಯ್ಯುವ ದೋಟಿಯ ತುದಿಗೆ ಕಟ್ಟಿ, ಅಂಗಳದಲ್ಲಿಯೂ ಗುಡ್ಡದ ಬದಿಯಲ್ಲಿಯೂ ಎತ್ತಿ ಹಿಡಿದು, ಸಿಗ್ನಲ್ ಎಲ್ಲಿ ಬಲವಾಗಿದೆಯೆಂದು ಒಂದು ಭಾನುವಾರವಿಡೀ ಅಳೆದೆ. ನೆರೆಯವರಿಗೆ ಪುಕ್ಕಟೆ ಮನರಂಜನೆ. ಕೊನೆಗೆ ಸಿಕ್ಕಿದ ಜಾಗವನ್ನೂ ಎತ್ತರವನ್ನೂ ನಾನು ಯಾರಿಗೂ ಹೇಳಿಲ್ಲ. ಎಲ್ಲರೂ ಅದೇ ಟವರಿಗೆ ಜೋತುಬಿದ್ದರೆ ನನ್ನ ಪಾಲಿಗೆ ಏನೂ ಉಳಿಯದು. ಎರಡು ಸಂಪರ್ಕಗಳ ರೌಟರುಗಳೂ ಈಗ ಮನೆಯ ವೈರಿಂಗಿಗೆ ನೇರವಾಗಿ ಜೋಡಿಸದ ಸಣ್ಣ ಬ್ಯಾಟರಿಯೊಂದರಿಂದ ನಡೆಯುತ್ತವೆ. ಗುಡುಗು ಶುರುವಾದೊಡನೆ ಅದರ ಚಾರ್ಜರನ್ನು ಕಿತ್ತಿಡುತ್ತೇನೆ. ಕಂಪ್ಯೂಟರಿಗೆ 150 ಆಂಪಿಯರ್-ಅವರ್ ಸಾಮರ್ಥ್ಯದ ಇನ್ವರ್ಟರ್ ಬ್ಯಾಟರಿ ಸಾಕಾಗುತ್ತದೆ. ಒಟ್ಟು ಖರ್ಚು ನಲವತ್ತು ಸಾವಿರದ ಆಸುಪಾಸು, ಅಂದರೆ ಎರಡು ತಿಂಗಳ ಬಾಡಿಗೆಯ ಉಳಿತಾಯ.

ನಡುವೆ ಸೋಲಾರನ್ನೂ ಪ್ರಯತ್ನಿಸಿದೆ. ಕಂಗಿನ (ಅಡಕೆ ಮರದ) ನೆರಳಿನಲ್ಲಿ, ಜಡಿಮಳೆಯಲ್ಲಿ ಅದು ಮೊಬೈಲನ್ನೂ ತುಂಬಿಸಲಿಲ್ಲ. ಆ ಫಲಕವೀಗ ಅಂಗಳದ ಮೂಲೆಯಲ್ಲಿ ಬೇಸಿಗೆಗೆ ಕಾಯುತ್ತಿದೆ.

ಕಾರಿನದೊಂದು ಬಾಕಿಯಿದೆ. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿಟ್ಟರೆ ಮರುನೋಂದಣಿ ಕಡ್ಡಾಯವಾದ್ದರಿಂದ ನಿರಾಕ್ಷೇಪಣಾ ಪತ್ರ ತಂದು ಇಲ್ಲಿಯ ತೆರಿಗೆಯನ್ನು ಕಟ್ಟಿಯಾಗಿದೆ. ಅಲ್ಲಿ ಕಟ್ಟಿದ್ದ ಜೀವಿತಾವಧಿ ತೆರಿಗೆಯ ಉಳಿದ ಭಾಗಕ್ಕೆ ಅರ್ಜಿ ಹಾಕಿದ್ದೇನೆ. ಹಣ ಕೈಗೆ ಬಂದ ಮೇಲೆಯೇ ಅದನ್ನು ಲೆಕ್ಕಕ್ಕೆ ಸೇರಿಸುತ್ತೇನೆ.