ಎಲಾಸ್ಟಿಕ್ ಬ್ಯಾಂಡ್: ಚಾಚುವುದಕ್ಕಿಂತ ಮಡಚುವುದು ನಿಧಾನವಾಗಿರಲಿ
ಮನೆಯ ಹಿರಿಯರು ಗಟ್ಟಿಯಾದ ಕುರ್ಚಿಯಲ್ಲಿ ಕುಳಿತು, ಎಲಾಸ್ಟಿಕ್ ಬ್ಯಾಂಡನ್ನು ಪಾದದ ನಡುಭಾಗಕ್ಕೆ ಸಿಕ್ಕಿಸಿ, ಎರಡೂ ತುದಿಗಳನ್ನು ಕೈಯಲ್ಲಿ ಬಿಗಿಯಾಗಿ ಹಿಡಿದು, 2 ಎಣಿಸುವಷ್ಟರಲ್ಲಿ ಕಾಲನ್ನು ಮುಂದಕ್ಕೆ ಚಾಚಿ, 4 ಎಣಿಸುತ್ತಾ ನಿಧಾನವಾಗಿ ಮಡಚಲಿ. ಬ್ಯಾಂಡ್ ಚಿಮ್ಮಿ ಮರಳದಂತೆ ತಡೆಯುವಾಗಲೂ ತೊಡೆಯ ಸ್ನಾಯು ದುಡಿಯುತ್ತದೆ. ಮೆಟ್ಟಿಲು ಇಳಿಯುವಾಗ, ಕುರ್ಚಿಯಲ್ಲಿ ಮೆಲ್ಲನೆ ಕೂರುವಾಗ ಬೇಕಾಗುವುದು ಇಂಥದೇ ಬಲ. 65 ದಾಟಿದವರಿಗೆ ವಾರದಲ್ಲಿ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಸಿರು ಬಿಗಿಹಿಡಿದರೆ ರಕ್ತದೊತ್ತಡ ಏರುವುದರಿಂದ ಎಣಿಕೆಯನ್ನು ಬಾಯಿಬಿಟ್ಟೇ ಹೇಳಿಸಿ. ಕುಳಿತು ಮಾಡುವ ಈ ವ್ಯಾಯಾಮದಿಂದ ನಿಲುವಿನ ಸಮತೋಲನ ಅಷ್ಟಾಗಿ ಸುಧಾರಿಸದು, ಅದಕ್ಕೆ ಬೇರೆ ಅಭ್ಯಾಸವೇ ಬೇಕು. ಮಂಡಿ ನೋಯತೊಡಗಿದರೆ ನಿಲ್ಲಿಸಬೇಕು. ಅಂಚಿನಲ್ಲಿ ಸಣ್ಣ ಬಿರುಕು ಕಂಡ ಬ್ಯಾಂಡನ್ನು ದಯವಿಟ್ಟು ಅಂದೇ ಎಸೆಯಿರಿ, ಅದು ತುಂಡಾದರೆ ನೇರವಾಗಿ ಮುಖಕ್ಕೇ ಬಡಿಯಬಹುದು.